ಹೆಚ್ಚಿದ ಬಳೆ

ಯುದ್ಧದ ವರ್ಷಗಳಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಒಂದು ಹುಚ್ಚು ಹಿಡಿಯಿತು. ಹಿಂದೂಗಳೂ ಮುಸಲ್ಮಾನರೂ ಒಬ್ಬರನ್ನೊಬ್ಬರು ಅರಿಯಬೇಕು, ಅದಕ್ಕೆ ಭಾಷೆ ಮತ್ತು ಸಂಸ್ಕೃತಿಯ ಅಧ್ಯಯನವೇ ಮದ್ದು ಎಂದು. ಮದ್ದು ಅರೆಯಲು ಪರನಾಡಿನ ಪ್ರಾಧ್ಯಾಪಕರೊಬ್ಬರನ್ನು ನೇಮಿಸಿದರು. ಅವರು ನಿಘಂಟು ಓದಿ ಕನ್ನಡ ಕಲಿತವರು. ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಷ್ಟು ಕನ್ನಡ ಬಾರದು, ಆದರೆ ಕನ್ನಡದ ಬಗ್ಗೆ ಎರಡು ತಾಸು ಮಾತಾಡಬಲ್ಲರು. ಹಾನಗಲ್ಲಿನವನೆಂದು ನನ್ನನ್ನು ಜೊತೆಗೆ ಕರೆದುಕೊಂಡರು. ಮುಂದಿನ ವರ್ಷದ ನನ್ನ ವಿದ್ಯಾರ್ಥಿವೇತನ ಅವರ ಸಹಿಯ ಮೇಲೆ ನಿಂತಿತ್ತು. ಅದಿಲ್ಲದಿದ್ದರೆ ಓದು ಬಿಟ್ಟು ಊರಿಗೆ ಮರಳಬೇಕು. ಹಾಗಾಗಿ ಅವರು ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆ.

ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಬಸ್ಸಿನಲ್ಲಿ ಹೊಗೆಗೆ ಕೆಮ್ಮುತ್ತ ಸವಣೂರಿಗೆ ಹೋಗಿ ಒಬ್ಬ ಮುಸಲ್ಮಾನ ಬಳೆಗಾರರ ಮನೆ ಮುಟ್ಟಿದೆವು. ಆ ಮನೆ ತೋರಿಸಿದವನು ನಾನೇ. ಬಳೆಗಾರರು ಹಬ್ಬ ಬಂತೆಂದರೆ ಹಾನಗಲ್ಲಿಗೆ ಬಂದು ನಮ್ಮ ಅವ್ವನಿಗೆ ಬಳೆ ಇಡಿಸುತ್ತಿದ್ದರು, ಅವಳನ್ನು ಅಕ್ಕ ಎನ್ನುತ್ತಿದ್ದರು. ಆ ದಿನ ತಲೆಗೆ ಕೈ ಹಚ್ಚಿ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕಿಆಲೂರ ಸಂತೆಯಿಂದ ಬರುವಾಗ ಚಕ್ಕಡಿ ಮಗುಚಿ, ಬಳೆಯ ಗಂಟು ಕಟ್ಟಿದ್ದ ಹಾಗೆಯೇ ಒಳಗೆಲ್ಲ ಚೂರಾಗಿತ್ತು. ಅದನ್ನು ಇನ್ನೂ ಬಿಚ್ಚಿರಲಿಲ್ಲ. ಪ್ರಾಧ್ಯಾಪಕರು ವ್ಯಾಪಾರ ಹೇಗಿದೆ ಎಂದು ಕೇಳಿದರು.

“ಬಳಿ ಎಲ್ಲಾ ಹೆಚ್ಚ್ಯಾವ್ರಿ ಸಾಹೇಬ್ರ.”

ನಮ್ಮ ಕಡೆ ಬಳೆ ಒಡೆಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಡೆಯುವುದು ಗಂಡ ಸತ್ತವಳ ಬಳೆ. ಉಳಿದವರ ಬಳೆ ಹೆಚ್ಚುತ್ತದೆ. ಈ ಅಂಜಿಕೆ ನಮ್ಮ ಅವ್ವನಿಗೆ ಎಷ್ಟೋ ಬಳೆಗಾರರ ಹೆಂಡತಿಗೂ ಅಷ್ಟೇ. ವಿಶ್ವವಿದ್ಯಾಲಯ ಕಟ್ಟಲು ಹೊರಟಿದ್ದ ಅರಿವು ಆ ಒಂದು ಮಾತಿನಲ್ಲಿ ಎಂದೋ ಕಟ್ಟಿ ಮುಗಿದಿತ್ತು. ಪ್ರಾಧ್ಯಾಪಕರು ‘ಹೆಚ್ಚು ಎಂದರೆ ವೃದ್ಧಿ’ ಎಂದು ಬರೆದುಕೊಂಡು ಹಿಗ್ಗಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, ಕೈ ಎತ್ತಿ ಹರಸಿದರು.

“ನಿಮ್ಮ ಕೈಬಳೆಗಳೂ ಹೀಗೆಯೇ ಹೆಚ್ಚಲಿ, ತಾಯಿ.”

ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋದಳು. ಇವರಿಗೆ ಅರ್ಥ ಗೊತ್ತಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಪಂಡಿತರ ಮುಖ ಮನೆಯವರ ಎದುರಿಗೇ ಸಣ್ಣದಾಗುತ್ತಿತ್ತು. ನನಗೆ ಸಹಿಯ ನೆನಪಾಯಿತು. ಹೇಡಿಯ ಹಾಗೆ ನೆಲ ನೋಡುತ್ತ ನಿಂತೆ. ಆ ಪಂಡಿತರಿಗಿಂತ ನನ್ನ ಮೇಲೇ ನನಗೆ ಇಂದಿಗೂ ಹೆಚ್ಚು ಹೇಸಿಕೆ.

ಬಳೆಗಾರರು ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ಅಂದರು:

“ಅವರಿಗೆ ಮಾತು ಬರೂದಿಲ್ಲ, ಬಿಡು. ನಿನಗ ಬರ್ತೈತಲ್ಲ ತಮ್ಮಾ.”

ಪ್ರಾಧ್ಯಾಪಕರ ಪ್ರಬಂಧ ಅಚ್ಚಾಯಿತು. ಸವಣೂರಿನ ಬಳೆಗಾರರು ಸುಖವಾಗಿದ್ದಾರೆ, ಅನ್ಯಮತದವರ ಹಾರೈಕೆಯನ್ನು ಮೌನದಿಂದ ಸ್ವೀಕರಿಸುತ್ತಾರೆ ಎಂದು ಅದರಲ್ಲಿ ಬರೆದಿತ್ತು. ನನಗೆ ವಿದ್ಯಾರ್ಥಿವೇತನ ಸಿಕ್ಕಿತು. ಬಳೆಗಾರರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬಳೆಗಾರ ತಮ್ಮ ಯಾಕೆ ಬರಲೊಲ್ಲ ಎಂದು ಅವ್ವ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದಳು. ನನಗೇನು ಗೊತ್ತು ಎನ್ನುತ್ತಿದ್ದೆ.