ತೊಲೆ ಕೊಯ್ದವರ ಪಕ್ಕದ ಮನೆ

ಕಂಪ್ಲಿಯ ನಮ್ಮ ಮಾಳಿಗೆ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಅಂಗಳ ಭಾಗವಾಯಿತು, ಹಿತ್ತಲು ಭಾಗವಾಯಿತು, ಪಡಸಾಲೆಯ ನಡುವೆ ತೊಲೆಯ ಕೆಳಗಿನವರೆಗೆ ಒಂದು ತೆಳು ಗೋಡೆ ಎದ್ದಿತು. ತಲೆಯ ಮೇಲಿನ ಮಣ್ಣಿನ ಮಾಳಿಗೆಯನ್ನು ಮಾತ್ರ ಯಾರೂ ಭಾಗ ಮಾಡಲಿಲ್ಲ. ಮಾಡಲು ಬರುವಂತೆಯೂ ಇರಲಿಲ್ಲ. ಎರಡೂ ಮನೆಗಳ ಮೇಲೆ ಹಾದುಹೋಗಿದ್ದದ್ದು ಒಂದೇ ಸಾಗವಾನಿ ತೊಲೆ. ಅದರ ಮೇಲೆ ಜಂತಿಗಳು, ಜಂತಿಗಳ ಮೇಲೆ ಸಂಡೂರು ಗುಡ್ಡದಿಂದ ತಂದ ಬಂದರಿಕೆ ಸೊಪ್ಪು, ಅದರ ಮೇಲೆ ತುಳಿದು ಕೂಡಿಸಿದ ಕೆಂಪು ಮಣ್ಣು. ಎಲ್ಲಕ್ಕೂ ಮೇಲೆ ಎಮ್ಮಿಗನೂರು ಕಡೆಯ ಗದ್ದೆಯಂಚಿನ ಚೌಳು ಮಣ್ಣು. ಬೆಳೆಗೆ ಬಾರದ ಆ ಬಿಳಿಚು ಮಣ್ಣು ಮಳೆ ಬಿದ್ದೊಡನೆ ಮೆತ್ತಗಾಗಿ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಹೊಸದಾಗಿ ಹರಡಬೇಕು, ಅಷ್ಟೇ.

ಹರಡುವವಳು ನಾನು. ನನ್ನ ಗಂಡನ ಅಣ್ಣ, ಅಂದರೆ ಬಾವ, ಮಾಳಿಗೆ ಹತ್ತಿದ್ದನ್ನು ನಾನು ಕಂಡಿಲ್ಲ. ಅವರ ಭಾಗಕ್ಕೂ ನಾನೇ ಮಣ್ಣು ಎಳೆಯುತ್ತಿದ್ದರೆ ಕೆಳಗಿನಿಂದ, "ಉಣ್ಣೋ ಗಂಗಾಳದಾಗ ಮಣ್ಣು ಉದುರ್ತೈತಿ, ಸಾವಕಾಶ ಮಾಡವಾ" ಎಂದು ಕೂಗುತ್ತಿದ್ದರು.

ಅವರಿಗೆ ಸ್ಲ್ಯಾಬ್ ಮನೆ ಬೇಕಾಯಿತು. "ಹಾಕಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತೊಲಿ ಮುಟ್ಟಬ್ಯಾಡ್ರಿ, ನಮ್ಮ ಕಡಿ ಕುಸೀತೈತಿ" ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಅವರು ತಲೆಯಾಡಿಸಿದ್ದರು.

ಮರಿಯಮ್ಮನಹಳ್ಳಿಯಲ್ಲಿ ನನ್ನ ತಂಗಿಯ ಮಗಳ ಮದುವೆ ಮುಗಿಸಿಕೊಂಡು ಬಂದು ಬಾಗಿಲು ತೆಗೆದರೆ ಪಡಸಾಲೆ ತುಂಬ ಮಣ್ಣು. ತೊಲೆಯನ್ನು ಗೋಡೆಯ ನೇರಕ್ಕೆ ಗರಗಸದಿಂದ ಕೊಯ್ದಿದ್ದರು. ನಮ್ಮ ಕಡೆ ಉಳಿದ ತುದಿಗೆ ಸೆಂಟ್ರಿಂಗ್ ಕೋಲೊಂದನ್ನು ಆನಿಸಿ ಹೋಗಿದ್ದರು. ಹಾಗೆ ಮಾಡಲು ಅವರು ನಮ್ಮ ಮನೆಯ ಬೀಗವನ್ನೇ ತೆಗೆದಿದ್ದರು. ಊರಿಗೆ ಹೋಗುವಾಗ ನಾವು ಕೈಗಿಟ್ಟು ಹೋಗಿದ್ದ ಕೀಲಿಯನ್ನು ಕೊಟ್ಟವರು ಅತ್ತೆ. ಅವರಿದ್ದದ್ದು ಹಿರಿಮಗನ ಜೊತೆಗೆ.

"ಅವನ ಮನಿ, ಅವ ಕೊಯ್ದ" ಎಂದರು ಅತ್ತೆ, ಕಟ್ಟೆಯ ಮೇಲಿಂದ ಏಳದೆ. "ನೀವೂ ಸ್ಲ್ಯಾಬ್ ಹಾಕಿಸ್ರಿ. ಯಾರು ಬ್ಯಾಡ ಅಂದ್ರು?"

ನನ್ನ ಗಂಡ, "ಹೋಗ್ಲಿ ಬಿಡು, ಅಣ್ಣ ಅದಾನ" ಎಂದ. ಆ ಮಾತಿಗಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಹೊಸಪೇಟೆಯಲ್ಲಿ ಯಾರೋ ಕೆಡವಿದ ಹಳೇ ಮನೆಯ ಕಂಬವೊಂದನ್ನು ತರಿಸಿ, ಕೊಯ್ದ ತುದಿಯ ಕೆಳಗೆ ನಿಲ್ಲಿಸಿದೆವು. ಅಡುಗೆಮನೆಗೆ ಹೋಗಬೇಕಾದರೆ ಅದನ್ನು ಸುತ್ತಿಯೇ ಹೋಗಬೇಕು. ಹೋಗುವಾಗೆಲ್ಲ ಬಾವನ ಹೆಸರಿಗೆ ಒಂದು ಬೈಗುಳ ಸಲ್ಲುತ್ತಿತ್ತು.

ಸ್ಲ್ಯಾಬು ನಮ್ಮ ಮಾಳಿಗೆಗಿಂತ ಎತ್ತರಕ್ಕೆ ಎದ್ದಿತು. ಅದರ ನೀರಿನ ಪೈಪನ್ನು ಬೀದಿಗೆ ಬಿಡದೆ ನಮ್ಮ ಮಾಳಿಗೆಯ ಮೇಲಕ್ಕೇ ಬಿಟ್ಟರು. ಮೊದಲ ದೊಡ್ಡ ಮಳೆಗೆ ಆ ಧಾರೆ ಚೌಳು ಮಣ್ಣನ್ನು ಕೊರೆದು, ಸೊಪ್ಪು ದಾಟಿ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಕೆಂಪು ನೀರಾಗಿ ಬಿತ್ತು. ನಾನು ಹೋಗಿ ಕೇಳಿದೆ.

"ಪೈಪ್ ಇಟ್ಟಾಂವ ಮೇಸ್ತ್ರಿ" ಎಂದರು ಬಾವ, ಟಿವಿಯಿಂದ ಕಣ್ಣು ಕೀಳದೆ. "ಅವನ್ನ ಕೇಳು ಹೋಗು."

ಮಳೆ ಬಿಟ್ಟ ಮೇಲೆ ಏಣಿ ಹಾಕಿ ಹತ್ತಿದೆ. ಕೊರೆದ ಜಾಗಕ್ಕೆ ಮಣ್ಣು ತುಂಬಿ ತುಳಿದೆ. ಆಮೇಲೆ ಹಳೇ ಗೋಣಿತಟ್ಟನ್ನು ಸುತ್ತಿ ಪೈಪಿನ ಬಾಯಿಗೆ ತುರುಕಿ, ಹುಲ್ಲು ಕಲಸಿದ ಮಣ್ಣಿನಿಂದ ಗಟ್ಟಿಯಾಗಿ ಮೆತ್ತಿದೆ.

ಮುಂದಿನ ಮಳೆಗೆ ಅವರ ಸ್ಲ್ಯಾಬು ಕೆರೆಯಾಯಿತು. ಫ್ಯಾನಿನ ಕೊಂಡಿಯಿಂದ ನೀರು ತೊಟ್ಟಿಕ್ಕಿತು, ಹೊಸ ಬಣ್ಣ ಬೊಬ್ಬೆ ಎದ್ದಿತು. ಬಾವ ಓಣಿಗೆ ಬಂದು ಕಿರುಚಿದರು: "ಯಾವಾಕಿ ಪೈಪ್ ಮುಚ್ಚಿದಾಕಿ?"

"ನಾನ" ಎಂದೆ. "ಮೇಸ್ತ್ರಿನ್ನ ಕರೀರಿ, ತಗೀತಾನ."

ಓಣಿಯವರೆಲ್ಲ ಹೊರಗೆ ಬಂದು ನಿಂತರು. ಗಂಡ ನನ್ನ ತೋಳು ಹಿಡಿದು, "ತಗದ್ ಬಿಡು, ಮಂದಿ ನೋಡಾಕತ್ತಾರ" ಎಂದ. ತೋಳು ಬಿಡಿಸಿಕೊಂಡೆ. "ನೋಡ್ಲಿ. ಪೈಪ್ ಬೀದಿ ಕಡಿ ತಿರುಗಲಿ, ಆಮ್ಯಾಲ ತಗೀತೀನಿ." ಅವರ ಸ್ಲ್ಯಾಬಿಗೆ ಇನ್ನೂ ಮೆಟ್ಟಿಲಿರಲಿಲ್ಲ. ಏಣಿ ಕೇಳಿದರು, ಕೊಡಲಿಲ್ಲ. ಬೇರೆ ಕಡೆಯಿಂದ ಏಣಿ ತರಿಸಿ, ಬೈದುಕೊಳ್ಳುತ್ತಲೇ ಪೈಪನ್ನು ಬೀದಿಗೆ ತಿರುಗಿಸಿದರು. ಅಲ್ಲಿಂದಾಚೆ ಅವರಿಗೂ ನಮಗೂ ಮಾತಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಬಂದರು. "ಅಲ್ಲಿ ಫ್ಯಾನಿನ ಗಾಳಿನೂ ಸುಡ್ತೈತಿ. ತುಸು ಅಡ್ಡಾಗ್ತೀನಿ" ಎಂದರು. ನಾನು ಚಾಪೆ ಹಾಸಿದೆ, ಬರ್ರಿ ಎನ್ನಲಿಲ್ಲ. ಮಲಗಿದ ಮೇಲೂ ಅವರು ಸುಮ್ಮನಿರಲಿಲ್ಲ.

"ಈ ಕಂಬ ಅತ್ತಾಗ ಇಡಬಾರದಿತ್ತ? ಕಾಲಿಗೆ ಬಡೀತೈತಿ."

"ನಿಮ್ಮ ಹಿರೇಮಗ ಕೊಯ್ದಲ್ಲೇ ಇಟ್ಟೀವಿ, ಅತ್ತಿ."

ಅವರು ಗೋಡೆಯ ಕಡೆ ಹೊರಳಿದರು. ಆ ಬೇಸಿಗೆಯೆಲ್ಲ ದಿನಾ ಬಂದರು, ದಿನಾ ಮಲಗಿದರು. ಕೀಲಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಮರೆಯಲಿಲ್ಲ.

ಒಂದು ದಿನ ಅವರನ್ನು ಕರೆಯಲು ಬಾವ ಬಂದರು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಹೊಸ್ತಿಲ ಹೊರಗೇ ನಿಂತು ಒಳಗೊಮ್ಮೆ ಇಣುಕಿ, ನನಗಲ್ಲ, ತಾಯಿಗೆ ಹೇಳಿದರು: "ಒಳಗ ಭಾಳ ತಂಪೈತಲ್ಲಬೇ."

ಅತ್ತೆ ನನ್ನ ಮುಖ ನೋಡಿದರು. ನಾನು ಚಾಪೆ ಸುತ್ತಿಟ್ಟೆ. ಅತ್ತೆ ಹೊಸ್ತಿಲು ದಾಟಿ ಹೊರಬಿದ್ದ ಕೂಡಲೇ ಬಾಗಿಲು ಮುಚ್ಚಿ ಅಗಳಿ ಹಾಕಿಕೊಂಡೆ. ಬಾವ ಇನ್ನೂ ಅಲ್ಲೇ ನಿಂತಿದ್ದರು.