ನಾಲ್ಕು ಬಣ್ಣದ ಪೆನ್ನಿನ ಸಂಶೋಧನೆ

ಕಳೆದ ವಾರ ಬಿ.ಸಿ. ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ತೆಗೆಸುತ್ತಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅವರು ನೆನಪಾದರು... ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ನಾನು ಸಹಾಯಕಿಯಾಗಿದ್ದಾಗ ಮುಖ್ಯ ಗ್ರಂಥಪಾಲಕರಾಗಿದ್ದವರು. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ನನಗೆ ಅಷ್ಟು ಒಳ್ಳೆಯತನವಿಲ್ಲ.

ಅವರಿಗೆ ಪುಸ್ತಕಗಳೆಂದರೆ ಧೂಳು, ಓದುಗರೆಂದರೆ ಉಪದ್ರ. ಮೂರೂಮುಕ್ಕಾಲಿಗೇ ಕಿಟಕಿ ಮುಚ್ಚಲು ಎದ್ದು, ನಾಲ್ಕಕ್ಕೆ ಸರಿಯಾಗಿ ಬೀಗ ಹಾಕುತ್ತಿದ್ದರು. ಇಡೀ ದಿನದಲ್ಲಿ ಅವರು ನಿಷ್ಠೆಯಿಂದ ಮಾಡುತ್ತಿದ್ದ ಕೆಲಸ ಅದೊಂದೇ.

ಒಮ್ಮೆ ಮಂಗಳೂರಿನಿಂದ ಬಂದ ಮೇಡಂ ಒಬ್ಬರು ಗ್ರಂಥಪಾಲಕರಿಗಾಗಿ ಒಂದು ದಿನದ ಕಮ್ಮಟ ನಡೆಸಿದರು. ಸಂಶೋಧನೆಗೆ ವಿಶ್ವವಿದ್ಯಾಲಯವೇ ಬೇಕೆಂದಿಲ್ಲ, ನೀವು ಕೆಲಸ ಮಾಡುವ ಜಾಗದಲ್ಲೇ ಆಗುತ್ತದೆ, ಒಂದು ಸಣ್ಣ ಪ್ರಶ್ನೆ ಹಿಡಿದು ನಿಜವಾಗಿ ಕೇಳಿ ಎಂದರು. ನನಗೆ ಆ ಮಾತು ಮನಸ್ಸಿಗೆ ನಾಟಿತು. ಸರ್‌ಗೆ ನಾಟಿದ್ದು ಬೇರೆ. ಪ್ರಬಂಧವೊಂದು ಅಚ್ಚಾದರೆ ಬಡ್ತಿಗೆ ಅನುಕೂಲವಿತ್ತು.

"ಮಕ್ಕಳು ಲೈಬ್ರರಿಗೆ ಯಾಕೆ ಬರುವುದಿಲ್ಲ ಅಂತ ಒಂದು ಸರ್ವೆ ಮಾಡುವ," ಎಂದರು. "ನೀವು ಫಾರ್ಮ್ ತುಂಬಿಸಿ ತನ್ನಿ."

ಎರಡು ವಾರ ತರಗತಿ ತರಗತಿ ಸುತ್ತಿದೆ. ನಾರಾವಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಫಾರ್ಮ್ ಓದಿ ನಕ್ಕಳು.

"ಮೇಡಂ, ನಮಗೆ ಕ್ಲಾಸ್ ಬಿಡುವುದೇ ನಾಲ್ಕಕ್ಕೆ. ಓಡಿ ಬಂದರೂ ಬೀಗ ಉಂಟು. ನನ್ನ ಬಸ್ಸು ಐದೂವರೆಗೆ. ಅಷ್ಟು ಹೊತ್ತು ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿರ್ತೇನೆ. ಇದನ್ನು ಎಲ್ಲಿ ಬರೆಯುವುದು?"

ಹಾಳೆಯ ಹಿಂಬದಿಯಲ್ಲಿ ಬರೆ ಎಂದೆ. ಬರೆದಳು. ಅವಳಂತೆಯೇ ಮತ್ತೆಷ್ಟೋ ಮಂದಿ ಬರೆದರು. ಆ ಕಟ್ಟನ್ನು ಹೆಮ್ಮೆಯಿಂದ ಸರ್ ಮೇಜಿನ ಮೇಲಿಟ್ಟೆ. ಕಾರಣ ಸಿಕ್ಕಿತ್ತು. ಒಂದೂವರೆ ಗಂಟೆ ಹೆಚ್ಚು ತೆರೆದಿಟ್ಟರೆ ಸಾಕಿತ್ತು...

ಅವರು ನಾಲ್ಕೈದು ಹಾಳೆ ತಿರುವಿದರು. "ಎಂಥದು ಮಾರಾಯ್ತಿ ಇದು? ಇದನ್ನು ಪ್ರಿಂಟ್ ಮಾಡಿದರೆ ಐದೂವರೆವರೆಗೆ ಕೂರುವುದು ಯಾರು, ನೀವಾ?"

"ಕೂರ್ತೇನೆ ಸರ್."

"ಬೀಗದ ಕೈ ನನ್ನ ಹತ್ತಿರ ಉಂಟಲ್ಲ," ಎಂದು ನಕ್ಕು, ಕಟ್ಟನ್ನು ರದ್ದಿಗೆ ಹಾಕಿದರು.

ಮರುದಿನ ಖಾಲಿ ಫಾರ್ಮುಗಳ, ಇನ್ನೂ ಬಿಸಿ ಆರದ ಹೊಸ ಜೆರಾಕ್ಸ್ ಕಟ್ಟು ಬಂತು. ನೀಲಿ, ಕಪ್ಪು, ಹಸಿರು, ನೇರಳೆ ಪೆನ್ನುಗಳನ್ನು ಜೋಡಿಸಿಕೊಂಡು ಸರ್ ಒಬ್ಬರೇ ಇಡೀ ಕಾಲೇಜಿನ ಮಕ್ಕಳಾದರು. ಕೆಲವು ಹಾಳೆಗಳಿಗೆ ಎಡಗೈಯಲ್ಲಿ ಟಿಕ್ ಹಾಕಿದರು. ಅಷ್ಟು ಶ್ರದ್ಧೆಯನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ. ಮೊಬೈಲಿನಿಂದಾಗಿ ಮಕ್ಕಳಿಗೆ ಓದಿನ ಆಸಕ್ತಿಯೇ ಉಳಿದಿಲ್ಲ ಎಂದು ತೀರ್ಮಾನವಾಯಿತು. ಬೆಳ್ತಂಗಡಿಯ ವಿಚಾರ ಸಂಕಿರಣವೊಂದರಲ್ಲಿ ಅದನ್ನು ಓದಿ ಶಾಲು ಹೊದೆಸಿಕೊಂಡರು. ಆ ಮುಖವನ್ನು ಹತ್ತಿರದಿಂದ ನೋಡಿದೆ. ನಾಚಿಕೆಯ ಒಂದು ಗೆರೆಯೂ ಇರಲಿಲ್ಲ.

ಆಡಳಿತ ಮಂಡಳಿಯವರೂ ಆ ಪ್ರಬಂಧ ಓದಿದರು. ಆಸಕ್ತಿಯೇ ಇಲ್ಲದ ಮಕ್ಕಳಿಗೆ ಅಷ್ಟು ದೊಡ್ಡ ವಾಚನಾಲಯ ಯಾಕೆ ಎಂದರು. ಅದೇ ವರ್ಷ ಮೇಜುಗಳನ್ನು ಹೊರಗೆ ಸಾಗಿಸಿ ಅಲ್ಲಿ ಪ್ರವೇಶಾತಿ ಕಚೇರಿ ಮಾಡಿದರು. ಪುಸ್ತಕಗಳು ಮೆಟ್ಟಿಲಡಿಯ ಕೋಣೆ ಸೇರಿದವು. ಸರ್ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ತಮ್ಮ ಸಂಶೋಧನೆ ಸುಳ್ಳೆಂದು ಹೇಳಬೇಕಾಗುತ್ತಿತ್ತು. ಬಡ್ತಿ ಪಡೆದರು, ನಿವೃತ್ತರಾದರು, ಹೋದ ಮಳೆಗಾಲದಲ್ಲಿ ತೀರಿಕೊಂಡರು.

ನಾನು ಅಳಲಿಲ್ಲ. ಈಗ ನಾನಿರುವುದು ಬೇರೊಂದು ಊರಿನ ಗ್ರಂಥಾಲಯದಲ್ಲಿ. ಆ ಕಾಲೇಜಿನ ವಾಚನಾಲಯ ಮತ್ತೆ ತೆರೆಯಲೇ ಇಲ್ಲ. ನಾರಾವಿಯ ಹುಡುಗಿ ಮುಂದೆ ಓದಿದಳೋ ಬಿಟ್ಟಳೋ, ಗೊತ್ತಿಲ್ಲ... ಅವಳ ಹಾಳೆಯನ್ನಾದರೂ ರದ್ದಿಯಿಂದ ತೆಗೆದಿಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ.

ಅವರನ್ನು ಮನಸ್ಸಿನಲ್ಲಿ ಬಯ್ಯುವಾಗಲೆಲ್ಲ ಆ ಪ್ರಬಂಧದ ಮೊದಲ ಪುಟ ಕಣ್ಣೆದುರು ಬರುತ್ತದೆ. ಅವರ ಹೆಸರಿನ ಕೆಳಗೆ, ಸಹ ಸಂಶೋಧಕಿ ಎಂದು, ನನ್ನ ಹೆಸರಿದೆ. ಬೇಡ ಎಂದು ನಾನು ಹೇಳಿರಲಿಲ್ಲ.