ಒಂದೇ ಏಟಿಗೆ ಕಡೀಲಿ

ನನ್ನ ಮೊದಲ ಕೊಲೆ ಕೇಸಿನ ಕಕ್ಷಿದಾರ ಮುನಿಗಂಗಪ್ಪನವರು ಇರುವೆ ಕಂಡರೂ ದಾಟಿಕೊಂಡು ನಡೆಯುವ ಮನುಷ್ಯ. ಶೆಟ್ಟಿಹಳ್ಳಿಯ ಬೀದಿಗಳಲ್ಲಿ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ನಲವತ್ತು ವರ್ಷ ಚಾಕು, ಕತ್ತರಿ, ಮಚ್ಚು ಹರಿತ ಮಾಡಿದವರು. ಹರಿತವಾದದ್ದನ್ನು ವಾಪಸ್ ಕೊಡುವಾಗ ತಾತ ಕಲಿಸಿದ ಹರಕೆಯ ಮಾತೊಂದನ್ನು ಹೇಳಲೇಬೇಕು: "ಒಂದೇ ಏಟಿಗೆ ಕಡೀಲಿ, ಒಳ್ಳೇದಾಗ್ಲಿ." ಹೇಳದಿದ್ದರೆ ಹರಿತ ನಿಲ್ಲುವುದಿಲ್ಲವಂತೆ.

ಗ್ರಹಚಾರ ನೋಡಿ. ಒಂದು ದಿನ ಮೂವರು ಬಂದು ಮಚ್ಚು ಸಾಣೆ ಹಿಡಿಸಿಕೊಂಡು ಹೋದರು. ಸಂಜೆ ಮಾಕಳಿಯಲ್ಲಿ ಸೈಟಿನ ಜಗಳಕ್ಕೆ ಒಬ್ಬನನ್ನು ಕಡಿದು ಕೊಂದರು. ಸಾಣೆ ಹಿಡಿಯುವಾಗ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಲಕ್ಕಣ್ಣ ಆ ಹರಕೆಯನ್ನು ಕೇಳಿಸಿಕೊಂಡಿದ್ದ, ಪೊಲೀಸರಿಗೆ ಹೇಳಿಯೂಬಿಟ್ಟ. ಪೊಲೀಸರು ಮುನಿಗಂಗಪ್ಪನವರನ್ನೇ ನಾಲ್ಕನೇ ಆರೋಪಿ ಮಾಡಿಬಿಟ್ಟರು. ಕೊಲ್ಲುವ ಉದ್ದೇಶ ನಾಲ್ವರದೂ ಒಂದೇ ಎಂದು ಸಾಬೀತಾದರೆ ಕೈ ಎತ್ತದವನಿಗೂ ಅದೇ ಜೀವಾವಧಿ. ಮುದುಕರು ಜೈಲಿನಲ್ಲೇ ಸಾಯಬೇಕು.

"ಆ ಮಾತು ಹೇಳಿದ್ರಾ ಅಂತ ಜಡ್ಜ್ ಕೇಳಿದ್ರೆ ನೆನಪಿಲ್ಲ ಅನ್ನಿ, ಅಷ್ಟೇ" ಎಂದು ನೂರು ಸಲ ಹೇಳಿಕೊಟ್ಟೆ. ನನಗೂ ಬುದ್ಧಿ ಇರಲಿಲ್ಲ ಬಿಡಿ. "ಆಗ್ಲಿ ಲಾಯರವ್ವಾ" ಎಂದು ನೂರು ಸಲವೂ ತಲೆಯಾಡಿಸಿದರು.

ಜಡ್ಜ್ ಕೇಳಿದ್ದೇ ತಡ, "ಏಳ್ದೆ ಸ್ವಾಮಿ" ಎಂದು ಕೈ ಮುಗಿದು ಇಡೀ ಹರಕೆಯನ್ನು ರಾಗವಾಗಿ ಒಪ್ಪಿಸಿದರು. ಎಂಥಾ ಮುದುಕರಪ್ಪಾ ಇವರು, ಕತ್ತು ಹಿಸುಕೋಣ ಅನ್ನಿಸಿತು.

"ಎಲ್ಲಾರ್ಗೂ ಅದೇ ಏಳೋದು ಸ್ವಾಮಿ. ಎಳನೀರ್ ಸೊಣ್ಣಮ್ಮುನ್ನ ಕೇಳಿ" ಎಂದರು.

ಕೇಳಿದ್ದಾಯಿತು. ಸೊಣ್ಣಮ್ಮ ಸಾಕ್ಷಿಗೆಂದು ತನ್ನ ಮಚ್ಚನ್ನೂ ಚೀಲದಲ್ಲಿ ತಂದಿದ್ದಳು. ಗೇಟಿನಲ್ಲೇ ಪೊಲೀಸರು ಕಿತ್ತಿಟ್ಟುಕೊಂಡರು. ಕಟಕಟೆ ಹತ್ತಿ ಸೊಂಟಕ್ಕೆ ಕೈಯಿಟ್ಟಳು. "ಇಪ್ಪತ್ತು ವರ್ಷದಿಂದ ನಂಗೂ ಅಂಗೇ ಅಂತವ್ನೆ ಸ್ವಾಮಿ. ಎಳನೀರ್ ಬುಟ್ರೆ ನಾನ್ ಯಾರುನ್ ಕಡ್ದಿದೀನಿ?" ಟೈಲರ್ ತಸ್ನೀಮ್ ತನ್ನ ಕತ್ತರಿಗೂ ಅದೇ ಹರಕೆ ಎಂದಳು. ತನಿಖೆ ಮಾಡಿದ ಇನ್ಸ್‌ಪೆಕ್ಟರ್ ಮನೆಯ ಈಳಿಗೆಮಣೆಗೂ ಅದೇ ಎಂದು ಹೊರಬಿದ್ದಾಗ ಬೆಂಚ್ ಕ್ಲರ್ಕು ಫೈಲಿನ ಹಿಂದೆ ಮುಖ ಮುಚ್ಚಿಕೊಂಡ. ಜಡ್ಜ್ ಸಹ ನೀರು ಕುಡಿದರು.

ಮೂವರಿಗೆ ಜೀವಾವಧಿ. ನಾಲ್ಕನೆಯವರು ಮಚ್ಚು ಹರಿತ ಮಾಡಿದ್ದು ನಿಜ, ಕೊಲ್ಲುವ ಸಂಚಿನಲ್ಲಿ ಕೂಡಿದ್ದರೆನ್ನಲು ಪುರಾವೆ ಇಲ್ಲ, ಬಿಡುಗಡೆ. ನಾನು ಕೋರ್ಟಿನ ಮೆಟ್ಟಿಲ ಮೇಲೆ ಕುಣಿದುಬಿಟ್ಟೆ. ಸೊಣ್ಣಮ್ಮನೂ ಕುಣಿದಳು. ಕರಿಕೋಟು ಹರಿಯಿತು, ಹರಿಯಲಿ.

ಮಾರನೆಯ ದಿನ ಸೊಣ್ಣಮ್ಮನ ಮಚ್ಚೇ ಮೊದಲ ಬೋಣಿ. ನಾನೂ ಎಳನೀರು ಕುಡಿಯಲು ಹೋಗಿದ್ದೆ. ಮುನಿಗಂಗಪ್ಪನವರು ಸಾಣೆ ಹಿಡಿದು ಮುಗಿಸಿ ಮಚ್ಚು ಚಾಚಿದರು, ಹರಕೆ ಮಾತ್ರ ಹೇಳಲಿಲ್ಲ.

"ಏಳಣ್ಣಾ. ಏಳ್ದಿದ್ರೆ ನಾ ಈಸ್ಕೊಳಾಕಿಲ್ಲ" ಎಂದಳು ಸೊಣ್ಣಮ್ಮ.

"ಮೊದ್ಲು ನೀನೇಳು, ಏನ್ ಕಡೀತೀಯ ಇದ್ರಾಗೆ?"

"ಎಳನೀರು ಕಣಣ್ಣ, ಇನ್ನೇನು?"

ಆಗ ಹರಕೆ ಹೇಳಿದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವರು ಮಾತ್ರ ನಗದೆ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಅವತ್ತು ಆ ಮೂವರ್ನೂ ಕೇಳ್ಬೇಕಾಗಿತ್ತು ಕಣವ್ವಾ" ಎಂದರು.